ಎಡ ಹೆಗಲಿನ ಟವೆಲ್ಲು

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದಕ್ಕೆ ಹಾಕಿದ್ದೇನೆ. ನೆವಗಳು ಸಿಗುತ್ತಲೇ ಇದ್ದವು. ಮೊದಲು ಕೆಲಸವಿತ್ತು, ಆಮೇಲೆ ಮೊಣಕಾಲು ನೋವು ಶುರುವಾಯಿತು, ಆಮೇಲೆ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ನೋವು ಅಭ್ಯಾಸವಾಗಿದೆ, ಕೆಲಸ ಬಿಟ್ಟು ಆರು ವರ್ಷವಾಯಿತು. ಇನ್ನು ನೆವ ಉಳಿದಿಲ್ಲ.

ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ರಾಣೆಬೆನ್ನೂರಿನ ನಮ್ಮ ಓಣಿಯವರೊಬ್ಬರು ಹಳೆಯ ಕಾರು ಕೊಳ್ಳುವವರಿದ್ದರು. "ಮಿಸ್ತ್ರಿಯವರ, ಏನೇನು ನೋಡಬೇಕು ಅಂತ ಒಂದು ಹಾಳ್ಯಾಗ ಬರದು ಕೊಡ್ರಿ. ನಿಮ್ಮಂಗ ಗಾಡಿ ನೋಡಾವ್ರು ಈಗ ಯಾರದಾರ?" ಎಂದರು. ಹೊಗಳಿದರೆ ಈ ವಯಸ್ಸಿನಲ್ಲೂ ಉಬ್ಬುತ್ತೇನೆ. ಪೆನ್ನು ತೆಗೆದು ಬರೆದೆ: "ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಆ ದಿನ ಗಾಡಿ ನೋಡಬೇಡಿ. ಮರುದಿನ ಹೇಳದೆ ಹೋಗಿ." ಮಾರುವವನು ನಾವು ಬರುವ ಮೊದಲೇ ಇಂಜಿನ್ ಚಾಲೂ ಮಾಡಿ ಕಾಯಿಸಿಟ್ಟಿದ್ದರೆ, ತಣ್ಣಗಿದ್ದಾಗ ಅದು ಮಾಡುವ ಸದ್ದೂ ಬಿಡುವ ಹೊಗೆಯೂ ನಮಗೆ ಸಿಗುವುದಿಲ್ಲ. ಇದು ನನ್ನ ಮೊದಲ ನಿಯಮ. ಆದರೆ ಅಂಗೈ ಎಂಬ ಮಾತು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ನನ್ನ ಬಲ ಅಂಗೈ ನೋಡುತ್ತ ಕೂತೆ. ಅದನ್ನು ನಾನು ಬಾನೆಟ್ಟುಗಳ ಮೇಲೆ ಮಾತ್ರ ಇಟ್ಟವನಲ್ಲ.

ಮ್ಯಾಟ್ರಿಕ್ ಮುಗಿಸಿ ಗ್ಯಾರೇಜು ಸೇರಿದವನು ನಾನು. ರಿಪೇರಿಗಿಂತ ಹೆಚ್ಚು ಹೆಸರು ಬಂದದ್ದು ಗಾಡಿ ನೋಡುವುದರಲ್ಲಿ. ಹಾವೇರಿ, ಬ್ಯಾಡಗಿ, ಹಿರೇಕೆರೂರು ಎಲ್ಲ ಕಡೆಯಿಂದ ಹಳೆಯ ಗಾಡಿ ಕೊಳ್ಳುವವರು ನನ್ನನ್ನು ಕರೆದೊಯ್ಯುತ್ತಿದ್ದರು. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ಬೆರಳಾಡಿಸುತ್ತಿದ್ದೆ. ಅಲ್ಲಿ ಮಜ್ಜಿಗೆಯ ಹಾಗೆ ಬಿಳಿ ನೊರೆ ಇದ್ದರೆ ಎಣ್ಣೆಗೆ ನೀರು ಸೇರಿದೆ ಎಂದು ಅರ್ಥ. ಗಾಡಿ ನೆರೆಯಲ್ಲಿ ಮುಳುಗಿತ್ತೇ ಎಂದು ಕಾರ್ಪೆಟ್ ಎತ್ತಿ ಕೆಸರಿನ ಗುರುತು ನೋಡುತ್ತಿದ್ದೆ. ಬಾಗಿಲಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ, ಮುಂದಿನ ಚೌಕಟ್ಟಿಗೆ ವೆಲ್ಡಿಂಗ್ ಆಗಿದೆಯೇ ಎಂದು ಕೆಳಗೆ ಮಲಗಿ ಹುಡುಕುತ್ತಿದ್ದೆ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದೆ. ಯಾವ ವಾಲ್ವು ಸಡಿಲಾಗಿದೆ, ಯಾವ ಬೇರಿಂಗು ಸವೆದಿದೆ ಎಲ್ಲ ಆ ಹಿಡಿಯೊಳಗಿಂದ ಬರುತ್ತಿತ್ತು. ಜನ ಗಾಡಿ ಬಿಟ್ಟು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. ಮಿಸ್ತ್ರಿಯ ಕಿವಿ ಎಂದರೆ ಕಿವಿ ಎನ್ನುತ್ತಿದ್ದರು.

ನನ್ನ ತೀರ್ಮಾನವನ್ನು ನಾನು ಬಾಯಿಂದ ಹೇಳುತ್ತಿರಲಿಲ್ಲ. ಅದಕ್ಕೊಂದು ಪದ್ಧತಿಯಿತ್ತು. ನನ್ನ ಅಪ್ಪ ಹಾವೇರಿಯ ದನದ ಸಂತೆಯಲ್ಲಿ ದಲಾಲಿ. ಎತ್ತಿನ ಹಲ್ಲು ನೋಡಿ, ಕಾಲು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ ಆದ ಮೇಲೆ ಅವನು ಹೆಗಲ ಮೇಲೆ ಟವೆಲ್ಲು ಹಾಕಿಕೊಳ್ಳುತ್ತಿದ್ದ. ಬಲ ಹೆಗಲಿಗೆ ಹಾಕಿದರೆ ತಗೋ, ಎಡ ಹೆಗಲಿಗೆ ಹಾಕಿದರೆ ಬೇಡ. ಮಾರುವವನ ಎದುರಿಗೆ ಅವನ ದನವನ್ನು ಹಳಿಯಬಾರದು, ಹಳಿದರೆ ಅಲ್ಲೇ ಬಡಿದಾಟವಾಗುತ್ತದೆ ಎಂಬುದು ಅವನ ಲೆಕ್ಕ. ಅದನ್ನೇ ನಾನು ಗಾಡಿಗೆ ತಂದೆ. ಕೊಳ್ಳುವವರಿಗೆ ಮೊದಲೇ ಗುಟ್ಟಾಗಿ ಹೇಳಿರುತ್ತಿದ್ದೆ. ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಹೇಳುವಂಥ ಮಾತು ಅದು ಎಂದು ನನಗೆ ಅನಿಸಿರಲೇ ಇಲ್ಲ.

ಅಪ್ಪ ಬಡಿದಾಟ ತಪ್ಪಿಸಲು ಮಾಡಿಕೊಂಡ ಪದ್ಧತಿ ಅದು. ನಾನು ಬಡಿದಾಟ ತಪ್ಪಿಸಿದವನಲ್ಲ. ನನ್ನ ಕೈ ಯಾವಾಗಲೂ ಮಾತಿಗಿಂತ ಮುಂದು. ಮೀಟರು ಹಿಂದಕ್ಕೆ ತಿರುಗಿಸಿದ್ದ ಒಬ್ಬ ಡ್ರೈವರನ ಬೆರಳುಗಳನ್ನು ಗಾಡಿಯ ಬಾಗಿಲ ಸಂದಿಯಲ್ಲಿಟ್ಟು ಒತ್ತಿ, "ಹೇಳು, ಎಷ್ಟ ಓಡೇತಿ ಖರೇ ಹೇಳು" ಎಂದು ಕೇಳಿದ್ದೇನೆ. ಅವನ ಉಗುರು ಕಪ್ಪಾಗಿ ಉದುರಿತಂತೆ. ಸುಳ್ಳು ಕಾಗದ ತೋರಿಸಿದ ಇನ್ನೊಬ್ಬನ ತಲೆಯನ್ನು ಅವನ ಗಾಡಿಯ ಬಂಪರಿಗೇ ಬಡಿಸಿದ್ದೇನೆ. ರಕ್ತ ಕಂಡರೆ ನನಗೆ ಭಯವಾಗುತ್ತಿರಲಿಲ್ಲ, ಒಂಥರ ಸಮಾಧಾನವಾಗುತ್ತಿತ್ತು. ಚಹದ ಅಂಗಡಿಯಲ್ಲಿ ಗೆಳೆಯರು, "ನಮ್ಮ ಮಿಸ್ತ್ರಿ ಗಾಡೀನೂ ರಿಪೇರಿ ಮಾಡ್ತಾನ, ಡ್ರೈವರನ್ನೂ ರಿಪೇರಿ ಮಾಡ್ತಾನ" ಎಂದು ನಗುತ್ತಿದ್ದರು. ಆ ನಗುವನ್ನು ನಾನು ಮೆಚ್ಚುಗೆ ಎಂದುಕೊಂಡೆ. ಮನೆಯಲ್ಲೂ ಅದೇ ಕೈ. ಸಾರು ತಣ್ಣಗಿದ್ದರೆ ತಾಟು ಗೋಡೆಗೆ ಹೋಗುತ್ತಿತ್ತು. ಅಂಗಿಯ ಗುಂಡಿ ಹರಿದಿದ್ದರೆ ಆ ಅಂಗಿಯಿಂದಲೇ ಅವಳ ಮುಖಕ್ಕೆ ಹೊಡೆಯುತ್ತಿದ್ದೆ. ಅದನ್ನು ಯಾವ ಚಹದ ಅಂಗಡಿಯಲ್ಲೂ ನಾನು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವಂಥದ್ದಲ್ಲ ಎಂದು ಆಗಲೇ ಗೊತ್ತಿತ್ತು ಅಂದ ಹಾಗಾಯಿತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗುಮಾಸ್ತನಾಗಿದ್ದ ಒಬ್ಬ ಹುಬ್ಬಳ್ಳಿ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯಲು ಒಂದು ಹಳೆಯ ಕಾರು ಗೊತ್ತು ಮಾಡಿಕೊಂಡಿದ್ದ. ಮೂವತ್ತರ ಆಸುಪಾಸಿನ ಸಾಧು ಮನುಷ್ಯ. ಮಾತಿಗೊಮ್ಮೆ ಸೀನುತ್ತಿದ್ದ, ಅಂಗಿಗೆ ಮೆಣಸಿನಕಾಯಿಯ ಘಾಟು ಹತ್ತಿರುತ್ತಿತ್ತು. ಹಾವೇರಿಯ ಒಬ್ಬ ದಲಾಲಿ ಆ ಗಾಡಿಯನ್ನು ನಮ್ಮ ಮನೆಯ ಅಂಗಳಕ್ಕೇ ತಂದು ನಿಲ್ಲಿಸಿದ. ಅಂದು ನಾನು ಐರಣಿಯಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಸ್ನಾನ ಮುಗಿಸಿ ಬಿಳಿ ಅಂಗಿ ಹಾಕಿಕೊಂಡಾಗಿತ್ತು. ತೋಳು ಮಡಚಿ ಹಾಗೇ ನೋಡಲು ಇಳಿದೆ.

"ಡಾಕ್ಟರ್ ಓಡಿಸಿದ ಗಾಡಿ ರೀ ಮಿಸ್ತ್ರಿ, ಹೂವಿನಂಗ ಇಟ್ಟಾರ" ಎಂದ ದಲಾಲಿ, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು.

"ಹೂವಿಗೆ ವಾಸನಿ ಇರ್ತೈತಿ. ತಡಿ, ಮೂಸಿ ನೋಡೂನು" ಎಂದೆ. ಗುಮಾಸ್ತ ನಕ್ಕ.

ಇಂಜಿನ್ ಚೆನ್ನಾಗಿಯೇ ಇತ್ತು. ಬ್ರೇಕ್ ಪೆಡಲ್ ತುಳಿದು ಹಿಡಿದೆ. ಹಾಗೆ ಹಿಡಿದರೆ ಪೆಡಲ್ ಗಟ್ಟಿಯಾಗಿ ಒಂದೇ ಕಡೆ ನಿಲ್ಲಬೇಕು. ಅದು ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಬ್ರೇಕಿನ ಎಣ್ಣೆ ಒಳಗೊಳಗೇ ಸೋರುತ್ತಿದೆ ಎಂದು ತಿಳಿಯಿತು. ಇಂಥ ಗಾಡಿ ಹತ್ತು ಸಲ ನಿಲ್ಲುತ್ತದೆ, ಹನ್ನೊಂದನೆಯ ಸಲ ನಿಲ್ಲುವುದಿಲ್ಲ. ನಾನು ಟವೆಲ್ಲಿನಿಂದ ಕೈ ಒರೆಸಿಕೊಂಡು, ಅದನ್ನು ಎಡ ಹೆಗಲಿಗೆ ಹಾಕಿ, ಮುಖ ತೊಳೆಯಲು ನಳದ ಕಡೆ ಹೋದೆ. ಗುಮಾಸ್ತ ಆಗ ದಲಾಲಿಯ ಜೊತೆ ಗಾಡಿಯ ಹಿಂದೆ ನಿಂತಿದ್ದ.

ಬಗ್ಗಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದಾಗ ನನ್ನ ಹೆಂಡತಿ ಚಹ ತಂದಳು. "ಅಯ್ಯ, ಬಿಳಿ ಅಂಗಿಗೆ ಎಣ್ಣಿ ಹತ್ತತೈತಿ" ಎಂದು ಹೆಗಲ ಮೇಲಿನ ಹೊಲಸು ಟವೆಲ್ಲು ಎಳೆದುಕೊಂಡು ಒಗೆದದ್ದೊಂದನ್ನು ಹಾಕಿದಳು. ನನ್ನ ಎಡಕ್ಕೆ ನಳದ ಗೋಡೆ. ಅವಳು ನಿಂತದ್ದು ಬಲಕ್ಕೆ. ಹೊಸ ಟವೆಲ್ಲು ಬಲ ಹೆಗಲಿಗೆ ಬಿತ್ತು. ನಾನು ಅದರಿಂದಲೇ ಮುಖ ಒರೆಸಿ, ಎಲ್ಲಿತ್ತೋ ಅಲ್ಲೇ ಮತ್ತೆ ಹಾಕಿಕೊಂಡು ಹೊರಳಿದೆ. ಸಾಬೂನಿನ ವಾಸನೆ ಬಂತೇ ಹೊರತು ಹೆಗಲು ಬದಲಾದದ್ದು ಮನಸ್ಸಿಗೆ ಬರಲಿಲ್ಲ.

ಹೊರಳಿ ನೋಡಿದರೆ ಗುಮಾಸ್ತ ದಲಾಲಿಯ ಕೈಗೆ ಮುಂಗಡ ಕೊಡುತ್ತಿದ್ದ. ನನ್ನ ಕಡೆ ನೋಡಿ ಕೈ ಮುಗಿದ. ಅವನು ಕೃತಜ್ಞತೆಯಿಂದ ಮುಗಿದದ್ದನ್ನು ನಾನು ಅಣಕ ಎಂದುಕೊಂಡೆ. ಬೇಡ ಎಂದು ನಾನು ಹೇಳಿದ ಮೇಲೂ ಕೊಳ್ಳುತ್ತಾನಲ್ಲ, ನನ್ನನ್ನು ಏನೆಂದುಕೊಂಡಿದ್ದಾನೆ ಎಂದು ಮೈ ಉರಿಯಿತು. ಒಂದು ಮಾತು, "ತಡಿ" ಎಂಬ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ಬಿಡಲಿಲ್ಲ. ಅನುಭವಿಸಲಿ ಎಂದುಕೊಂಡು ಚಹ ಕುಡಿದೆ. ಐರಣಿಗೆ ಹೋಗಿ ಹೋಳಿಗೆ ಉಂಡೆ.

ಮೂರನೆಯ ದಿನ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಗೋವಿನಜೋಳ ತುಂಬಿದ ಒಂದು ಟ್ರ್ಯಾಕ್ಟರು ಅಡ್ಡ ಹೊರಳಿತು. ಗುಮಾಸ್ತ ಬ್ರೇಕ್ ತುಳಿದ, ಪೆಡಲ್ ನೆಲಕ್ಕೆ ಹೋಯಿತು. ಗಾಡಿಯ ಮೂತಿ ಟ್ರೇಲರಿನ ಕೆಳಗೆ ಹೊಕ್ಕಿತು. ಅವನ ಬಲಗೈ ಎರಡು ಕಡೆ ಮುರಿಯಿತು. ಹಿಂದೆ ಕೂತಿದ್ದ ತಾಯಿಯ ಮುಂದಿನ ಹಲ್ಲುಗಳು ಸೀಟಿನ ಕಬ್ಬಿಣಕ್ಕೆ ಬಡಿದು ಹೋದವು. ಗಾಜಿನ ಚೂರುಗಳನ್ನು ಆಕೆಯ ತುಟಿಯಿಂದ ಒಂದೊಂದಾಗಿ ತೆಗೆದರಂತೆ.

ಎಂಟು ದಿನ ಬಿಟ್ಟು ಅವನು ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ. ಜೊತೆಗೆ ಅವನ ತಂಗಿಯ ಗಂಡ. ಎತ್ತರದ ಆಳು. ಕೈಯಲ್ಲಿ ಆ ಗಾಡಿಯದೇ ಚಕ್ರ ಬಿಚ್ಚುವ ಪಾನಾ ಹಿಡಿದಿದ್ದ. ಓಣಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದರು.

"ಎಡಕ್ಕ ಹಾಕಿದ್ದೆ ನಾ. ಕಣ್ಣು ಇಲ್ಲೇನು ನಿನಗ?" ಎಂದೆ.

"ಬಲಕ್ಕಿತ್ತರಿ ಮಿಸ್ತ್ರಿ. ನಮ್ಮವ್ವನ ಆಣಿ, ಬಲಕ್ಕ ಇತ್ತು. ನೋಡೇ ಕೊಟ್ಟೇನಿ" ಎಂದ ಗುಮಾಸ್ತ.

"ಏನ ಮಾತಾಡ್ತಿ ಇವನ ಕೂಡ? ದಲಾಲಿ ಕೂಡ ಕೂಡ್ಯಾನ ಇವ" ಎಂದು ತಂಗಿಯ ಗಂಡ ನನ್ನ ಕೊರಳಪಟ್ಟಿ ಹಿಡಿದ. "ಕಿವಿಲೇ ಕೇಳ್ತಾನಂತ ಕಿವಿಲೇ! ಇವತ್ತ ಆ ಕಿವಿನ ಕಿತ್ತು ಒಯ್ತೇನಿ." ಪಾನಾ ಮೇಲೆದ್ದಿತು. ನಾನು ಎರಡೂ ಕೈಯಿಂದ ಅವನ ಮುಖ ತಳ್ಳುತ್ತಿದ್ದೆ. ಅವನು ನನಗಿಂತ ಬಲಿಷ್ಠ. ಆ ಕಬ್ಬಿಣ ನನ್ನ ತಲೆಯ ಮೇಲೆ ಬೀಳುವುದರಲ್ಲಿತ್ತು.

ಆಗ ನನ್ನ ಹೆಂಡತಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ನಡುವೆ ನಿಂತಳು. "ತಡೀರಿ ಯಪ್ಪಾ, ತಡೀರಿ! ಟಾವೆಲ್ ನಾ ಬದಲಿ ಮಾಡೀನಿ. ಎಡಕ್ಕ ಇತ್ತು, ಅವರು ಹೇಳೂದು ಖರೇ ಐತಿ. ಎಣ್ಣಿ ಹತ್ತಿತ್ತಂತ ನಾನ ತಗದು ಬ್ಯಾರೇದು ಹಾಕೀನಿ. ನನಗೇನು ಗೊತ್ತಿತ್ತರಿ ಅದರಾಗ ಇಷ್ಟ ಐತಿ ಅಂತ?"

ಪಾನಾ ಮೆಲ್ಲಗೆ ಕೆಳಗಿಳಿಯಿತು. ಕೊರಳಪಟ್ಟಿ ಸಡಿಲಾಯಿತು. ಗುಮಾಸ್ತ ನೆಲ ನೋಡಿದ. ಅವಳು ಖರೇ ಹೇಳಿ ನನ್ನ ತಲೆ ಉಳಿಸಿದಳು. ನಾನು ಉಸಿರು ತೆಗೆದುಕೊಂಡೆ, ಹೊರಳಿದೆ, ಬಲಗೈ ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದಕ್ಕೆ ಒಯ್ದು ಅವಳ ಎಡ ಕೆನ್ನೆಗೆ ಬಾರಿಸಿದೆ. ಅಂಗೈ ಕಿವಿಯ ಮೇಲೆ ಕೂತಿತು. ಗಾಳಿ ತುಂಬಿದ ಕಾಗದದ ಚೀಲ ಒಡೆದ ಹಾಗೆ ಸದ್ದಾಯಿತು. ಅವಳು ಮೆಟ್ಟಿಲ ಮೇಲೆ ಬಿದ್ದಳು. ನಾನು ಅಷ್ಟಕ್ಕೆ ಬಿಡಲಿಲ್ಲ. ಎಬ್ಬಿಸಿ ಇನ್ನೊಂದು ಹೊಡೆದೆ, ಅದೇ ಕಡೆ, ಓಣಿಯೆಲ್ಲ ನೋಡುವಂತೆ. ಅವರು ನೋಡಬೇಕಿತ್ತು. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗಬೇಕಿತ್ತು.

ಕೊನೆಗೆ ನನ್ನನ್ನು ಹಿಡಿದದ್ದು ಆ ಗುಮಾಸ್ತನೇ, ಇದ್ದ ಒಂದು ಕೈಯಿಂದ. "ಬಿಡ್ರಿ ಮಿಸ್ತ್ರಿ, ಬಿಡ್ರಿ. ಕಾಲಿಗೆ ಬೀಳ್ತೇನಿ ಬಿಡ್ರಿ. ಗಾಡಿ ಹೋದ್ರ ಹೋಗಲಿ" ಎಂದು ಅಳತೊಡಗಿದ. ಪಾನಾ ಹಿಡಿದು ಬಂದವನು ಹೊರಟುಹೋದ. ಸಂಜೆ ಚಹದ ಅಂಗಡಿಯಲ್ಲಿ ಯಾರೋ, "ಹೆಣ್ಣಮಗಳ ಕೈಯಾಗ ಕೆಟ್ಟಿತು. ಮಿಸ್ತ್ರಿ ಕಿವಿ ಕೆಟ್ಟಿಲ್ಲ" ಎಂದರು. ನನ್ನ ಹೆಸರು ಉಳಿಯಿತು. ಇಷ್ಟಕ್ಕೇ ನಾನು ಹೊಡೆದದ್ದು. ಮುಂಗಡ ಕೊಡುವುದನ್ನು ನಾನು ಕಣ್ಣಾರೆ ನೋಡಿ ಸುಮ್ಮನಿದ್ದೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಅವಳ ದಿಂಬಿನ ಮೇಲೆ ನಾಲ್ಕಾರು ದಿನ ಕಂದು ಕಲೆ ಕಂಡೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕಿವಿಗೆ ಬಿಟ್ಟುಕೊಳ್ಳುತ್ತಿದ್ದಳು. "ನಾಟಕ ಮಾಡಬ್ಯಾಡ" ಎಂದೆ. ಅವಳು ಹತ್ತಿ ತೆಗೆದು ಒಲೆಗೆ ಹಾಕಿದಳು.

ಅದಾದ ಮೇಲೆ ನಾನು ಕರೆದರೆ ಅವಳು ಓಗೊಡದೆ ಇರುವುದು ಶುರುವಾಯಿತು. ಅಂಗಳದಿಂದ ಕೂಗಿದರೆ ಒಮ್ಮೊಮ್ಮೆ ಬರುತ್ತಿದ್ದಳು, ಒಮ್ಮೊಮ್ಮೆ ಕಲ್ಲಿನಂತೆ ಕೂತಿರುತ್ತಿದ್ದಳು. ಹಗೆ ಸಾಧಿಸುತ್ತಿದ್ದಾಳೆ ಎಂದುಕೊಂಡೆ. "ಕಿವ್ಯಾಗ ಏನ ಕೆಸರು ತುಂಬೇತೇನು?" ಎಂದು ಬೆನ್ನಿಗೆ ಗುದ್ದಿದ್ದೇನೆ. ಜಡೆ ಹಿಡಿದು ಹೊರಳಿಸಿ, "ಕೇಳಿಸ್ತೇನ ಈಗ?" ಎಂದಿದ್ದೇನೆ. ಅಚ್ಚರಿಯೆಂದರೆ ಗಾಡಿಯಲ್ಲಿ ನನ್ನ ಪಕ್ಕ ಕೂತಾಗ ಅವಳಿಗೆ ಎಲ್ಲ ಕೇಳುತ್ತಿತ್ತು. ಪಿಸುಮಾತಿಗೂ ಉತ್ತರ ಕೊಡುತ್ತಿದ್ದಳು. "ಗಾಡ್ಯಾಗ ಕುಂತ್ರ ಕೇಳ್ತೈತಿ, ಮನ್ಯಾಗ ಕೇಳೂದಿಲ್ಲ. ಸೊಕ್ಕಲ್ಲದ ಮತ್ತೇನಿದು?" ಎಂದು ಅದಕ್ಕೂ ಹೊಡೆದೆ. ಅವಳು ಒಂದು ಸಲವೂ ಕಾರಣ ಹೇಳಲಿಲ್ಲ. ಹೇಳಿದ್ದರೂ ನಾಟಕ ಎನ್ನುತ್ತಿದ್ದೆ.

ಹೀಗೆ ವರ್ಷಗಳು ಹೋದವು. ಟವೆಲ್ಲಿನ ಗುಟ್ಟು ಹಳೆಯ ಗಾಡಿ ಮಾರುವವರಿಗೆಲ್ಲ ತಿಳಿದುಹೋಯಿತು. ಕಂಪ್ಯೂಟರಿನ ತಂತಿ ಚುಚ್ಚಿ ಗಾಡಿಯ ರೋಗ ಓದುವ ಪೆಟ್ಟಿಗೆಗಳು ಬಂದವು. ನನ್ನನ್ನು ಕರೆಯುವವರು ಕಡಿಮೆಯಾದರು, ಕೈ ಮಾತ್ರ ಹಾಗೇ ಇತ್ತು. ಆರು ವರ್ಷದ ಹಿಂದೆ ಹಾವೇರಿಯಲ್ಲಿ ಕೋರ್ಟಿನ ಕೆಲಸದಲ್ಲಿದ್ದ ಒಬ್ಬ ಹೆಣ್ಣುಮಗಳು ಸಣ್ಣ ಕಾರು ನೋಡಲು ಕರೆದಳು. ಹೆದ್ದಾರಿಯ ಬದಿಗೆ ಹಳೆಯ ಗಾಡಿ ನಿಲ್ಲಿಸಿಕೊಂಡು ಮಾರುವ ಒಂದು ಬಯಲು. ಮಾರುವವನು ದಪ್ಪನೆಯ ಆಳು, ನನ್ನ ಅರ್ಧ ವಯಸ್ಸು, ಕಣ್ಣಿಗೆ ಕಪ್ಪು ಕನ್ನಡಕ.

ಸ್ಕ್ರೂಡ್ರೈವರು ಕಿವಿಗೆ ಹಚ್ಚಿದೆ. ಇಂಜಿನ್ ಮೌನವಾಗಿತ್ತು. ಅಷ್ಟು ಓಡಿದ ಇಂಜಿನ್ ಅಷ್ಟು ಮೌನವಾಗಿರಬಾರದು. ಎಣ್ಣೆಯ ಕಡ್ಡಿ ಎಳೆದು ಬೆರಳ ಮೇಲೆ ಹನಿ ಬಿಟ್ಟುಕೊಂಡೆ. ಕಾಕಂಬಿಯಂತೆ ಗಟ್ಟಿ. ಸವೆದ ಇಂಜಿನ್ನಿನ ಬಾಯಿ ಮುಚ್ಚಿಸಲು ದಪ್ಪ ಎಣ್ಣೆ ತುಂಬಿದ್ದರು. ನಾನು ಟವೆಲ್ಲು ಎಡ ಹೆಗಲಿಗೆ ಹಾಕಿದೆ.

ಆ ಮನುಷ್ಯ ನಕ್ಕ. "ಏ ಕಾಕಾ, ನಿನ್ನ ಟಾವೆಲ್ ನಾಟಕ ಇಡೀ ಜಿಲ್ಲಾಕ್ಕ ಗೊತ್ತೈತಿ" ಎನ್ನುತ್ತ ಬಂದು, ನನ್ನ ಎಡ ಹೆಗಲ ಮೇಲಿದ್ದುದನ್ನು ಎರಡು ಬೆರಳಿನಿಂದ ಎತ್ತಿ ಬಲ ಹೆಗಲಿಗೆ ಹಾಕಿದ. "ಹಾಂ, ಈಗ ಚಂದ ಕಾಣ್ತಿ ನೋಡು. ಅಕ್ಕಾರ, ಮಿಸ್ತ್ರಿ ಹ್ಞೂಂ ಅಂದ್ರು."

ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಅವನ ಬಾಯಿಗೆ ಗುದ್ದಿದೆ. ಕನ್ನಡಕ ಹಾರಿತು. ಅರ್ಧ ಹಲ್ಲು ಅವನ ತುಟಿಯ ಮೇಲೆ ಅಂಟಿಕೊಂಡಿದ್ದು ಕಂಡೆ. ಮತ್ತೆ ಎತ್ತಿದೆ. ಅಷ್ಟರಲ್ಲಿ ಅವನ ಬಲಗೈ ಬಂತು. ಅಂಗೈ ನನ್ನ ಎಡಗಿವಿಯ ಮೇಲೆ ಕೂತಿತು. ಕಾಗದದ ಚೀಲ ಒಡೆದ ಸದ್ದು. ಆ ಸದ್ದಿನ ಗುರುತು ನನಗೆ ತಕ್ಷಣ ಸಿಕ್ಕಿತು. ಹೊರಗಿನಿಂದ ಕೇಳಿದ್ದನ್ನು ಈಗ ಒಳಗಿನಿಂದ ಕೇಳಿದ್ದೆ. ಆಮೇಲೆ ಆ ಕಡೆಯ ಜಗತ್ತೇ ಹೋಯಿತು. ಹೆದ್ದಾರಿಯ ಲಾರಿಗಳು ಒಂದೇ ಬದಿಯಿಂದ ಬರತೊಡಗಿದವು. ಮಣ್ಣಿನಲ್ಲಿ ಕೂತು ನಾನು ವಾಂತಿ ಮಾಡಿಕೊಂಡೆ. ಜನ ನಮ್ಮನ್ನು ಬಿಡಿಸಿದರು. ಆ ಹೆಣ್ಣುಮಗಳು ಆ ಗಾಡಿ ಕೊಳ್ಳಲಿಲ್ಲ. ಅಷ್ಟೇ ಆ ದಿನದ ಲಾಭ.

ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಬಂದೆ. ಮನೆಯಲ್ಲಿ ಏನೂ ಹೇಳಬಾರದು ಎಂದು ನಿಶ್ಚಯಿಸಿದ್ದೆ. ಕೈಕಾಲು ತೊಳೆದು ಉಣ್ಣಲು ಕೂತೆ. ಹೆಂಡತಿ ರೊಟ್ಟಿ ಬಡಿಯುತ್ತ ನನ್ನನ್ನು ಒಮ್ಮೆ ನೋಡಿದಳು, ಮತ್ತೆ ನೋಡಿದಳು. ನಾನು ತಲೆಯನ್ನು ಒಂದು ಕಡೆ ವಾಲಿಸಿಕೊಂಡಿದ್ದೆನಂತೆ. ನನಗೆ ಗೊತ್ತಿರಲಿಲ್ಲ.

"ಎಡಗಿವಿ ಏನ್ರಿ?" ಎಂದಳು.

ನಾನು ರೊಟ್ಟಿ ಮುರಿದೆ.

"ಗುಂಯ್ ಅನ್ನಾಕತ್ತಿರಬೇಕು. ಮೂರ್ನಾಲ್ಕು ದಿನ ಹಂಗ ಅಂತೈತಿ. ತಲಿ ತಿರಗತೈತಿ, ಲಗೂ ಎದ್ದು ನಿಂದರಬ್ಯಾಡ್ರಿ. ಜಳಕ ಮಾಡೂ ಮುಂದ ನೀರು ಹೋಗಬಾರದು, ಹತ್ತಿ ಇಟ್ಕೊಳ್ರಿ. ಮೂಗು ಜೋರಲೇ ಸೀನಬ್ಯಾಡ್ರಿ, ಸೀನಿದ್ರ ಕಿವ್ಯಾಗಿಂದ ಗಾಳಿ ಬರ್ತೈತಿ. ಎಡಮಗ್ಗಲಾ ಮಲಗಬ್ಯಾಡ್ರಿ, ದಿಂಬು ತಾಗಿದ್ರ ತಿವೀತೈತಿ." ರೊಟ್ಟಿ ಹೊರಳಿಸಿದಳು. "ಕಿವಿಗೆ ಎಣ್ಣಿ ಮಾತ್ರ ಬಿಡಬ್ಯಾಡ್ರಿ. ನಾ ಬಿಟ್ಟು ಕೆಡಿಸ್ಕೊಂಡೆ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಎಷ್ಟು ಹಾಕಬೇಕು ಎಂದು ಹೇಳುವ ಹಾಗೆ ಹೇಳಿದಳು.

ಹೊರಗಿನ ಗುರುತಿನಿಂದ ಒಳಗಿನ ದೋಷ ಹಿಡಿಯುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಗುರುತುಗಳೆಲ್ಲ ನನ್ನ ಮನೆಯಲ್ಲೇ ಓಡಾಡಿದ್ದವು. ಬಲಗೈಗೆ ಹಿಟ್ಟು ಹತ್ತಿದ್ದರೆ ಎಡಗೈಯನ್ನು ಅಡ್ಡ ತಂದು ಬಲಗಿವಿಗೇ ಫೋನು ಹಿಡಿಯುತ್ತಿದ್ದಳು. ಬಾಗಿಲಿಗೆ ಬಲಗಿವಿ ಕೊಟ್ಟು ಕೂರುತ್ತಿದ್ದಳು. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತಿದ್ದಳು. ಹಾಗೆ ಮಲಗಿದರೆ ನನ್ನದೇನೂ ಅವಳಿಗೆ ಕೇಳುವುದಿಲ್ಲ ಎಂದು ಈಗ ಅರ್ಥವಾಗುತ್ತದೆ. ಗಾಡಿಯಲ್ಲಿ ಎಲ್ಲ ಕೇಳುತ್ತಿತ್ತು, ಏಕೆಂದರೆ ಓಡಿಸುವವನು ಪಕ್ಕದಲ್ಲಿ ಕೂತವರ ಬಲಕ್ಕಿರುತ್ತಾನೆ. ಇಂಜಿನ್ನಿನ ಆಳದ ಒಂದು ಸಡಿಲ ವಾಲ್ವು ಕೇಳಿದ ನನಗೆ ಇದೊಂದು ಕೇಳಿರಲಿಲ್ಲ. ಕೇಳದ್ದಕ್ಕಾಗಿ ಅವಳನ್ನು ಹೊಡೆದವನು ನಾನು. ಕೇಳದಂತೆ ಮಾಡಿದವನೂ ನಾನೇ.

ಮರುದಿನ ಅವಳೇ ನನ್ನನ್ನು ಹಾವೇರಿಯ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ದೀಪ ಹಾಕಿ ನೋಡಿ, "ಪರದೆ ಹರದೈತಿ. ಲಗೂ ಬಂದದ್ದು ಚಲೋ ಆತು, ತಾನ ಕೂಡ್ತೈತಿ. ಹಂಗ ಬಿಟ್ಟು, ಕೀವು ಆಗಿ, ವರ್ಷಗಟ್ಟಲೆ ಆದ್ರ ತ್ರಾಸು" ಎಂದರು. ಅವಳು ಹೊರಗೆ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವಳದೂ ನೋಡಿ ಎಂದು ಹೇಳಬಹುದಿತ್ತು. ನಾಲ್ಕೇ ಹೆಜ್ಜೆ. ಹೇಗಾಯಿತು ಎಂದು ಡಾಕ್ಟರು ಕೇಳುತ್ತಾರೆ ಎಂದು ಹೇಳಲಿಲ್ಲ.

ನನ್ನ ಕಿವಿ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಕುಕ್ಕರಿನ ಸೀಟಿ, ಓಣಿಯ ಬೈಕುಗಳು ಎಲ್ಲ ತಿರುಗಿ ಬಂದವು. ಆದರೂ ಸ್ಕ್ರೂಡ್ರೈವರಿನ ಹಿಡಿಯನ್ನು ಆ ಕಿವಿಗೆ ಹಚ್ಚಲು ನನ್ನಿಂದ ಆಗಲಿಲ್ಲ. ಕೆಲಸ ಬಿಟ್ಟೆ. ಅಂದಿನಿಂದ ನಾನು ಅವಳ ಮೇಲೆ ಕೈ ಎತ್ತಿಲ್ಲ. ಇದನ್ನು ಹೆಗ್ಗಳಿಕೆಗೆ ಹೇಳುತ್ತಿಲ್ಲ. ಹಿಂದಿನದನ್ನು ಅದು ಅಳಿಸುವುದೂ ಇಲ್ಲ.

ಕ್ಷಮೆ ಕೇಳಲು ಶುರುಮಾಡಿದೆ. ಮೊದಲು ಹಾವೇರಿಯ ಆ ಬಯಲಿಗೆ ಹೋದೆ. ಆ ಮನುಷ್ಯ ಹೊಸ ಹಲ್ಲು ಕಟ್ಟಿಸಿಕೊಂಡಿದ್ದ. "ಬಿಡ್ರಿ ಕಾಕಾ, ನೀವೂ ಹೊಡದ್ರಿ, ನಾನೂ ಹೊಡದೆ. ಸಮಾಸಮಾ ಆತು" ಎಂದು ಚಹ ತರಿಸಿದ. ಕ್ಷಮೆ ಕೇಳುವುದು ಇಷ್ಟು ಸುಲಭವೇ ಎನಿಸಿತು.

ಆಮೇಲೆ ಬ್ಯಾಡಗಿಗೆ ಹೋದೆ. ಗುಮಾಸ್ತ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ತಲೆ ನರೆತಿದೆ, ಬಲಗೈ ಪೂರ್ತಿ ನೇರವಾಗುವುದಿಲ್ಲ. ತಾಯಿ ತೀರಿಕೊಂಡಿದ್ದಾಳೆ. ನಾನು ಎಲ್ಲ ಹೇಳಿದೆ. ಮುಂಗಡ ಕೊಡುವುದನ್ನು ನೋಡಿಯೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅವನು ಕೈಯಲ್ಲಿದ್ದ ತಕ್ಕಡಿ ಬದಿಗಿಟ್ಟ.

"ತಡಿ ಅಂತ ಒಂದ ಮಾತು ಅಂದಿದ್ರ ಸಾಕಿತ್ತರಿ" ಎಂದ. "ನಮ್ಮವ್ವ ಸಾಯೂತನಕಾ ರೊಟ್ಟಿ ಹಾಲಿನ್ಯಾಗ ನೆನಿಸಿ ತಿಂದ್ಲು."

"ತಪ್ಪಾತು" ಎಂದೆ.

"ಹೋಗ್ಲಿ ಬಿಡ್ರಿ. ಅಕ್ಕಾರ ಹೆಂಗದಾರ? ಅವತ್ತ ಅವರನ್ನ ಭಾಳ ಹೊಡದ್ರಿ. ನನ್ನ ಕೈ ಮುರದದ್ದಕ್ಕಿಂತ ಅದ ಹೆಚ್ಚು ನೆನಪೈತಿ ನನಗ. ಅವರಿಗೆ ಹೇಳೀರಿಲ್ಲೋ, ತಪ್ಪಾತಂತ?"

"ಹೇಳೇನಿ" ಎಂದೆ.

ಅದು ಸುಳ್ಳು. ಅವನು ನಂಬಿ, ಒಂದು ಚೀಲ ಮೆಣಸಿನಕಾಯಿ ತುಂಬಿ, "ಅಕ್ಕಾರಿಗೆ ಕೊಡ್ರಿ" ಎಂದು ನನ್ನ ಕೈಗಿತ್ತ.

ಮರುದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಮೊರ ಇಟ್ಟುಕೊಂಡು ಆ ಮೆಣಸಿನಕಾಯಿಗಳ ತೊಟ್ಟು ಬಿಡಿಸುತ್ತಿದ್ದಳು. ಹೇಳಿಬಿಡಬೇಕು ಎಂದು ಹೋಗಿ ಪಕ್ಕದಲ್ಲಿ ಕೂತೆ. ಅವಳ ಎರಡು ಬದಿಗೂ ಜಾಗವಿತ್ತು. ನಾನು ಎಡಕ್ಕೆ ಕೂತೆ. ಮರೆತು ಕೂತದ್ದಲ್ಲ. ಮೆಲ್ಲಗೆ, "ತಪ್ಪಾತು. ಅವತ್ತ ತಪ್ಪು ನಂದಿತ್ತು, ನಿಂದಲ್ಲ. ನಿನ್ನ ಕಿವಿ ನಾ ಕಳದೆ" ಎಂದೆ. ಅವಳು ಒಂದು ತೊಟ್ಟು ಕಿತ್ತಳು, ಇನ್ನೊಂದು ಕಿತ್ತಳು. ಆಮೇಲೆ ನಾನಿರುವುದು ಕಂಡು ಪೂರ್ತಿ ಹೊರಳಿದಳು.

"ಏನರ ಅಂದ್ರೇನ್ರಿ?"

"ಏನಿಲ್ಲ. ಚಾ ಮಾಡ್ತೀಯೇನು ಅಂದೆ."

ಅವಳು ಕೈ ಕೊಡವಿಕೊಂಡು ಎದ್ದು ಒಳಗೆ ಹೋದಳು. ನಾನು ಆ ಚಹ ಕುಡಿದೆ.

ಓಣಿಯವರಿಗೆ ಬರೆಯಲು ಕೂತ ಹಾಳೆಯಲ್ಲಿ ಇನ್ನೂ ಮೊದಲ ನಿಯಮವಷ್ಟೇ ಇದೆ. ಅವರು ಪೆಟ್ಟಿಗೆಯಿಂದ ಓದಿಸಿ ಗಾಡಿ ಕೊಂಡರಂತೆ, ಚೆನ್ನಾಗಿದೆಯಂತೆ. ಬಂಪರಿಗೆ ತಲೆ ಬಡಿಸಿಕೊಂಡವನಿಗೆ, ಗುಮಾಸ್ತನಿಗೆ, ಹಲ್ಲು ಮುರಿಸಿಕೊಂಡವನಿಗೆ, ಉಗುರು ಕಳೆದುಕೊಂಡ ಡ್ರೈವರನಿಗೆ ಕೂಡ ಹುಡುಕಿಕೊಂಡು ಹೋಗಿ ಹೇಳಿ ಬಂದಿದ್ದೇನೆ. ಅವರಿಗೆ ಹೇಳಲು ಬಸ್ಸು ಹತ್ತಬೇಕಿತ್ತು. ಉಳಿದವಳು ಈಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಬಲಗಿವಿಯನ್ನು ಬಾಗಿಲಿಗೆ ಕೊಟ್ಟು. ಅವಳು ನನ್ನ ಹೆಂಡತಿ.